ಭಾರಲೋಹಗಳಿಂದ ಕೆಟ್ಟ ಕೃಷಿಭೂಮಿ: ಸೂಕ್ಷ್ಮಜೀವಿಗಳು ಮಾಡಬಲ್ಲುದೇನು, ಮಾಡಲಾರದ್ದೇನು?

ನಂದಿಬೆಟ್ಟದ ಸೀಮೆಯಲ್ಲಿ ಹುಟ್ಟಿ, ಕೋಲಾರ ಜಿಲ್ಲೆಯ ಬೇತಮಂಗಲವನ್ನು ಹಾದು, ಆಂಧ್ರಪ್ರದೇಶದ ಮೂಲಕ ತಮಿಳುನಾಡನ್ನು ಸೇರುವ ಪಾಲಾರ್ ನದಿಯ ಕೆಳಪಾತ್ರದಲ್ಲಿ ವಾಣಿಯಂಬಾಡಿ, ಆಂಬೂರು, ರಾಣಿಪೇಟೆ ಪಟ್ಟಣಗಳಿವೆ. ಚರ್ಮ ಹದಮಾಡುವ ಉದ್ಯಮಕ್ಕೆ ಇವು ದೇಶದಲ್ಲೇ ಹೆಸರಾದ ಊರುಗಳು. ಇಲ್ಲಿನ ಕಾರ್ಖಾನೆಗಳ ತ್ಯಾಜ್ಯನೀರು ದಶಕಗಳ ಕಾಲ ನದಿಗೂ ಹೊಲಗಳಿಗೂ ಹರಿಯಿತು. 1996ರ ಆಗಸ್ಟ್ 28ರಂದು ಸುಪ್ರೀಂ ಕೋರ್ಟ್ ನೀಡಿದ ಪ್ರಸಿದ್ಧ ವೆಲ್ಲೂರು ತೀರ್ಪು, ತಮಿಳುನಾಡು ಕೃಷಿ ವಿಶ್ವವಿದ್ಯಾಲಯದ ವೆಲ್ಲೂರು ಸಂಶೋಧನಾ ಕೇಂದ್ರದ ಸಮೀಕ್ಷೆಯೊಂದನ್ನು ಉಲ್ಲೇಖಿಸಿದೆ. ಅದರ ಪ್ರಕಾರ ಈ ಭಾಗದ ಸುಮಾರು 35 ಸಾವಿರ ಹೆಕ್ಟೇರ್ ಕೃಷಿಭೂಮಿ ಭಾಗಶಃ ಅಥವಾ ಸಂಪೂರ್ಣವಾಗಿ ಬೇಸಾಯಕ್ಕೆ ಅಯೋಗ್ಯವಾಗಿತ್ತು.

ಕೆಟ್ಟ ನೆಲವನ್ನು ಮತ್ತೆ ಸರಿಪಡಿಸಲು ಸಾಧ್ಯವೇ ಎಂಬ ಪ್ರಶ್ನೆಗೆ ವಿಜ್ಞಾನಿಗಳು ಸೂಚಿಸುವ ಉಪಾಯಗಳಲ್ಲಿ ಒಂದು, ಮಣ್ಣಿನಲ್ಲಿಯೇ ಇರುವ ಬ್ಯಾಕ್ಟೀರಿಯಾ ಮತ್ತು ಶಿಲೀಂಧ್ರಗಳ ಬಳಕೆ. ಕೇಳಲು ಇದು ಸರಳ, ಅಗ್ಗ ಹಾಗೂ ಪರಿಸರಸ್ನೇಹಿ. 'ಮಾಲಿನ್ಯವನ್ನು ತಿನ್ನುವ ಸೂಕ್ಷ್ಮಜೀವಿ' ಎಂಬ ಬಣ್ಣನೆ ಆಗಾಗ ಸುದ್ದಿಯಾಗುವುದೂ ಉಂಟು. ಆದರೆ ಭಾರಲೋಹಗಳ ವಿಷಯದಲ್ಲಿ ಈ ಬಣ್ಣನೆ ದಾರಿತಪ್ಪಿಸುವಂಥದು. ಸೂಕ್ಷ್ಮಜೀವಿಗಳು ನಿಜವಾಗಿ ಮಾಡುವುದೇನು, ಯಾವ ಲೋಹಕ್ಕೆ ಅವು ಉಪಯುಕ್ತ, ಎಲ್ಲಿ ಅವೇ ಅಪಾಯಕಾರಿಯಾಗಬಲ್ಲವು ಎಂಬುದರ ವಿವರ ಇಲ್ಲಿದೆ.

ಭಾರಲೋಹಗಳು ಮಣ್ಣಿಗೆ ಬರುವ ಬಗೆ

ಸೀಸ, ಕ್ಯಾಡ್ಮಿಯಂ, ಪಾದರಸ, ಕ್ರೋಮಿಯಂ, ನಿಕ್ಕಲ್, ತಾಮ್ರ, ಸತು ಮೊದಲಾದವನ್ನು ಸಾಮಾನ್ಯವಾಗಿ ಭಾರಲೋಹಗಳೆಂದು ಕರೆಯುತ್ತಾರೆ. ಆರ್ಸೆನಿಕ್ ಮತ್ತು ಸೆಲೆನಿಯಂ ರಾಸಾಯನಿಕವಾಗಿ ಪೂರ್ಣ ಲೋಹಗಳಲ್ಲದಿದ್ದರೂ ಮಾಲಿನ್ಯದ ಚರ್ಚೆಯಲ್ಲಿ ಇದೇ ಪಟ್ಟಿಗೆ ಸೇರುತ್ತವೆ. ಇವುಗಳಲ್ಲಿ ತಾಮ್ರ ಮತ್ತು ಸತು ಅಲ್ಪ ಪ್ರಮಾಣದಲ್ಲಿ ಬೆಳೆಗೆ ಅಗತ್ಯ. ಸೀಸ, ಕ್ಯಾಡ್ಮಿಯಂ, ಪಾದರಸಗಳಿಂದ ಬೆಳೆಗಾಗಲಿ ಮನುಷ್ಯನಿಗಾಗಲಿ ಯಾವ ಉಪಯೋಗವೂ ಇಲ್ಲ.

ಬಂಡೆಗಳು ಶಿಥಿಲವಾಗುವುದರಿಂದ ಎಲ್ಲ ಮಣ್ಣಿನಲ್ಲೂ ಈ ಲೋಹಗಳು ಅಷ್ಟಿಷ್ಟು ಇದ್ದೇ ಇರುತ್ತವೆ. ಅಪಾಯ ಬರುವುದು ಅದರ ಮೇಲೆ ಮನುಷ್ಯ ಸುರಿಯುವ ಭಾಗದಿಂದ. ಚರ್ಮೋದ್ಯಮ ಹಾಗೂ ಲೋಹಲೇಪನ ಘಟಕಗಳಿಂದ ಕ್ರೋಮಿಯಂ, ನಿಕ್ಕಲ್. ಹಳೆಯ ಬ್ಯಾಟರಿ ಕರಗಿಸುವ ಕಡೆಗಳಿಂದ ಸೀಸ. ಗಣಿ ತ್ಯಾಜ್ಯದಿಂದ ಆರ್ಸೆನಿಕ್. ಕೆಲವು ರಂಜಕದ ಗೊಬ್ಬರಗಳಿಂದ ಕ್ಯಾಡ್ಮಿಯಂ ಮಣ್ಣನ್ನು ಸೇರುತ್ತವೆ. ನಗರಗಳ ಅಂಚಿನಲ್ಲಿ ಕೊಳಚೆ ನೀರು ಮತ್ತು ವಿಂಗಡಿಸದ ಕಸದಿಂದ ಮಾಡಿದ ಗೊಬ್ಬರ ಮುಖ್ಯ ವಾಹಕಗಳು.

ಬೆಂಗಳೂರಿನ ಓದುಗರಿಗೆ ಇದು ದೂರದ ಸಂಗತಿಯಲ್ಲ. ನಗರದ ಕೊಳಚೆ ಹಾಗೂ ಕೈಗಾರಿಕಾ ತ್ಯಾಜ್ಯವನ್ನು ಹೊತ್ತು ಸಾಗುವ ವೃಷಭಾವತಿ, ಬಿಡದಿ ಬಳಿಯ ಭೈರಮಂಗಲ ಕೆರೆಯನ್ನು ತುಂಬುತ್ತದೆ. ಆ ಕೆರೆಯ ನೀರನ್ನು ನಂಬಿದ ಹೊಲಗಳು ಕೆಳಗಿವೆ. ರಾಜಧಾನಿಯ ಸುತ್ತ ಇಂತಹ ನೀರಿನಿಂದ ಬೆಳೆದ ಸೊಪ್ಪು, ತರಕಾರಿಗಳಲ್ಲಿ ಸೀಸ, ಕ್ಯಾಡ್ಮಿಯಂ ಮೊದಲಾದವು ಮಿತಿಯನ್ನು ಮೀರಿರುವುದನ್ನು ಸಂಶೋಧಕರು ಹಲವು ಬಾರಿ ದಾಖಲಿಸಿದ್ದಾರೆ. ಎಲೆಯ ಮೇಲಿನ ಧೂಳನ್ನು ತೊಳೆದು ತೆಗೆಯಬಹುದು. ಬೇರಿನ ಮೂಲಕ ಎಲೆಯೊಳಗೆ ಸೇರಿದ ಲೋಹವನ್ನು ಯಾವ ಉಪ್ಪುನೀರಿನ ತೊಳೆತವೂ ತೆಗೆಯಲಾರದು.

ಲೋಹ ನಾಶವಾಗುವುದಿಲ್ಲ

ತೈಲ ಸೋರಿಕೆಯಾದ ನೆಲವನ್ನು ಬ್ಯಾಕ್ಟೀರಿಯಾಗಳು ಶುದ್ಧಗೊಳಿಸುವುದು ಸಾಬೀತಾದ ಸಂಗತಿ. ತೈಲವು ಇಂಗಾಲದ ಸಂಯುಕ್ತ. ಬ್ಯಾಕ್ಟೀರಿಯಾ ಅದನ್ನು ಒಡೆದು ಇಂಗಾಲದ ಡೈಆಕ್ಸೈಡ್ ಮತ್ತು ನೀರನ್ನಾಗಿ ಮಾಡಿದರೆ ಮಾಲಿನ್ಯ ಅಕ್ಷರಶಃ ಇಲ್ಲವಾಗುತ್ತದೆ. ಲೋಹ ಹಾಗಲ್ಲ, ಅದು ಮೂಲವಸ್ತು. ಒಂದು ಗ್ರಾಂ ಸೀಸವನ್ನು ಯಾವ ಜೀವಿಯೂ ಒಡೆದು ಬೇರೊಂದಾಗಿಸಲಾರದು. ಸೂಕ್ಷ್ಮಜೀವಿ ಬದಲಿಸಬಲ್ಲುದು ಲೋಹದ ರೂಪವನ್ನು ಮಾತ್ರ. ನೀರಿನಲ್ಲಿ ಕರಗುವ ರೂಪದಿಂದ ಕರಗದ ರೂಪಕ್ಕೆ, ಅಥವಾ ಕರಗದ ರೂಪದಿಂದ ಕರಗುವ ರೂಪಕ್ಕೆ ಅದನ್ನು ತರಬಹುದು.

ಇಷ್ಟೇ ಆದರೂ ಇದು ಸಣ್ಣ ಸಂಗತಿಯಲ್ಲ. ಮಣ್ಣಿನಲ್ಲಿ ಒಟ್ಟು ಎಷ್ಟು ಲೋಹವಿದೆ ಎಂಬುದಕ್ಕಿಂತ ಅದರಲ್ಲಿ ಎಷ್ಟು ಭಾಗ ಬೇರಿಗೆ ದಕ್ಕುತ್ತದೆ ಎಂಬುದೇ ಬೆಳೆಗೆ ಮತ್ತು ಊಟದ ತಟ್ಟೆಗೆ ಮುಖ್ಯ. ದಕ್ಕುವ ಭಾಗವನ್ನು ಕಡಿಮೆ ಮಾಡಿದರೆ ಬೆಳೆ ಸುರಕ್ಷಿತವಾಗುತ್ತದೆ. ಸೂಕ್ಷ್ಮಜೀವಿಗಳು ಇದನ್ನು ಮುಖ್ಯವಾಗಿ ನಾಲ್ಕು ಬಗೆಯಲ್ಲಿ ಸಾಧಿಸುತ್ತವೆ.

ಮೊದಲನೆಯದು, ಅಂಟಿಸಿಕೊಳ್ಳುವುದು. ಬ್ಯಾಕ್ಟೀರಿಯಾ ಹಾಗೂ ಶಿಲೀಂಧ್ರಗಳ ಕೋಶಭಿತ್ತಿಯಲ್ಲಿ ಋಣ ವಿದ್ಯುದಂಶದ ತಾಣಗಳಿದ್ದು, ಧನ ವಿದ್ಯುದಂಶದ ಲೋಹಕಣಗಳನ್ನು ಹಿಡಿದಿಡುತ್ತವೆ. ಇದಕ್ಕೆ ಕೋಶ ಜೀವಂತವಾಗಿರಬೇಕೆಂದೇನೂ ಇಲ್ಲ. ಆದರೆ ಕೋಶ ಕೊಳೆತಾಗ ಹಿಡಿದದ್ದು ಮತ್ತೆ ಮಣ್ಣಿಗೇ ಬಿಡುಗಡೆಯಾಗುತ್ತದೆ.

ಎರಡನೆಯದು, ಎಲೆಕ್ಟ್ರಾನ್ ವಿನಿಮಯ. ನಾವು ಉಸಿರಾಟದಲ್ಲಿ ಆಮ್ಲಜನಕಕ್ಕೆ ಎಲೆಕ್ಟ್ರಾನ್ ದಾಟಿಸುವಂತೆ, ಆಮ್ಲಜನಕವಿಲ್ಲದ ಕಡೆ ಕೆಲವು ಬ್ಯಾಕ್ಟೀರಿಯಾಗಳು ಕಬ್ಬಿಣ, ಸಲ್ಫೇಟ್ ಮೊದಲಾದವುಗಳಿಗೆ ದಾಟಿಸುತ್ತವೆ. ಇದರಿಂದ ಲೋಹದ ಗುಣವೇ ಬದಲಾಗುತ್ತದೆ. ರಸಾಯನಶಾಸ್ತ್ರದಲ್ಲಿ ಇದಕ್ಕೆ ಅಪಕರ್ಷಣೆ ಎಂದು ಹೆಸರು.

ಮೂರನೆಯದು, ಗಟ್ಟಿ ಖನಿಜವಾಗಿ ಕೂಡಿಸುವುದು. ಯೂರಿಯಾವನ್ನು ಒಡೆಯುವ ಸ್ಪೋರೋಸಾರ್ಸಿನಾ ಪಾಶ್ಚುರೈ ಎಂಬ ಬ್ಯಾಕ್ಟೀರಿಯಾ ಸುತ್ತಲಿನ ಮಣ್ಣನ್ನು ಕ್ಷಾರೀಯಗೊಳಿಸಿ ಸುಣ್ಣದಂತಹ ಕಾರ್ಬೊನೇಟ್ ಹರಳುಗಳನ್ನು ರೂಪಿಸುತ್ತದೆ. ಕ್ಯಾಡ್ಮಿಯಂ, ಸೀಸಗಳು ಅದರಲ್ಲಿ ಸೆರೆಯಾಗುತ್ತವೆ. ರಂಜಕವನ್ನು ಕರಗಿಸುವ ಬ್ಯಾಕ್ಟೀರಿಯಾಗಳು ಬಿಡುಗಡೆ ಮಾಡುವ ಫಾಸ್ಫೇಟ್ ಸೀಸದೊಡನೆ ಸೇರಿ ಕರಗದ ಖನಿಜವಾಗುತ್ತದೆ. ಸಲ್ಫೇಟನ್ನು ಬಳಸುವ ಬ್ಯಾಕ್ಟೀರಿಯಾಗಳು ಉತ್ಪಾದಿಸುವ ಸಲ್ಫೈಡ್, ಹಲವು ಲೋಹಗಳನ್ನು ಗಟ್ಟಿಯಾಗಿ ಹಿಡಿಯುತ್ತದೆ.

ನಾಲ್ಕನೆಯದು, ಆವಿಯಾಗಿಸಿ ಗಾಳಿಗೆ ಬಿಡುವುದು. ಪಾದರಸ ಮತ್ತು ಸೆಲೆನಿಯಂ ವಿಷಯದಲ್ಲಿ ಇದು ನಡೆಯುತ್ತದೆ. ಅಮೆರಿಕದ ಕ್ಯಾಲಿಫೋರ್ನಿಯಾದ ಕೆಸ್ಟರ್‌ಸನ್ ಜಲಾಶಯದ ಒಣಗಿದ ಹೂಳಿನಲ್ಲಿ 1980ರ ದಶಕದ ಕೊನೆಯಲ್ಲಿ ಈ ವಿಧಾನದಿಂದ ಸೆಲೆನಿಯಂ ಪ್ರಮಾಣವನ್ನು ತಗ್ಗಿಸುವ ಪ್ರಯೋಗ ನಡೆದಿತ್ತು. ಪಾದರಸದ ವಿಷಯದಲ್ಲಿ ಇದು ಹೊಲದ ತೊಂದರೆಯನ್ನು ವಾತಾವರಣಕ್ಕೆ ವರ್ಗಾಯಿಸಿದಂತೆ ಎಂಬುದನ್ನು ಮರೆಯುವಂತಿಲ್ಲ.

ಕ್ರೋಮಿಯಂ: ಆರರಿಂದ ಮೂರಕ್ಕೆ

ಈ ವಿಧಾನಗಳ ಶಕ್ತಿಯೂ ಮಿತಿಯೂ ಒಟ್ಟಿಗೆ ಕಾಣುವುದು ಕ್ರೋಮಿಯಂನಲ್ಲಿ. ಮಣ್ಣಿನಲ್ಲಿ ಇದು ಎರಡು ರೂಪಗಳಲ್ಲಿರುತ್ತದೆ. ಹೆಕ್ಸಾವೇಲೆಂಟ್ ಎಂದು ಕರೆಯಲಾಗುವ ಆರರ ಕ್ರೋಮಿಯಂ ನೀರಿನಲ್ಲಿ ಸುಲಭವಾಗಿ ಕರಗಿ, ಅಂತರ್ಜಲದೊಡನೆ ಹರಿಯುತ್ತದೆ. ಅದು ಮನುಷ್ಯನಲ್ಲಿ ಕ್ಯಾನ್ಸರ್ ಉಂಟುಮಾಡುವುದು ದೃಢಪಟ್ಟಿದೆ. ಟ್ರೈವೇಲೆಂಟ್ ಎಂದು ಕರೆಯಲಾಗುವ ಮೂರರ ಕ್ರೋಮಿಯಂ ಸಾಮಾನ್ಯ ಮಣ್ಣಿನಲ್ಲಿ ಬಹುತೇಕ ಕರಗುವುದಿಲ್ಲ, ಇದ್ದಲ್ಲೇ ಕೂರುತ್ತದೆ. ವಿಷಗುಣವೂ ಬಹಳ ಕಡಿಮೆ. ಆರರ ಕ್ರೋಮಿಯಂಗೆ ಮೂರು ಎಲೆಕ್ಟ್ರಾನ್‌ಗಳನ್ನು ಕೊಟ್ಟರೆ ಅದು ಮೂರರ ಕ್ರೋಮಿಯಂ ಆಗುತ್ತದೆ. ಈ ಕೆಲಸವನ್ನು ಬ್ಯಾಕ್ಟೀರಿಯಾಗಳು ಮಾಡಬಲ್ಲವೆಂದು 1977ರಲ್ಲಿ ಸೋವಿಯತ್ ವಿಜ್ಞಾನಿಗಳಾದ ರೊಮಾನೆಂಕೊ ಮತ್ತು ಕೊರೆನ್‌ಕೊವ್ ವರದಿ ಮಾಡಿದರು. ಅವರು ಆ ಬ್ಯಾಕ್ಟೀರಿಯಾವನ್ನು ಕೊಳಚೆಯ ಕೆಸರಿನಿಂದ ಪ್ರತ್ಯೇಕಿಸಿದ್ದರು.

ರಾಣಿಪೇಟೆಯಲ್ಲಿ ಈ ತಿಳಿವಳಿಕೆಗೆ ತಕ್ಷಣದ ಉಪಯೋಗವಿತ್ತು. ಅಲ್ಲಿನ ತಮಿಳುನಾಡು ಕ್ರೋಮೇಟ್ಸ್ ಅಂಡ್ ಕೆಮಿಕಲ್ಸ್ ಕಾರ್ಖಾನೆ ಚರ್ಮೋದ್ಯಮಕ್ಕೆ ಬೇಕಾದ ಕ್ರೋಮಿಯಂ ಲವಣಗಳನ್ನು ತಯಾರಿಸುತ್ತಿತ್ತು. 1990ರ ದಶಕದಲ್ಲಿ ಅದು ಬಾಗಿಲು ಮುಚ್ಚಿದಾಗ ಒಂದೂವರೆ ಲಕ್ಷ ಟನ್‌ಗೂ ಹೆಚ್ಚು ಕ್ರೋಮಿಯಂಯುಕ್ತ ತ್ಯಾಜ್ಯ ಬಯಲಿನಲ್ಲೇ ಉಳಿದಿತ್ತು. 2006ರಲ್ಲಿ ಅಮೆರಿಕದ ಬ್ಲ್ಯಾಕ್‌ಸ್ಮಿತ್ ಇನ್‌ಸ್ಟಿಟ್ಯೂಟ್ ಪ್ರಕಟಿಸಿದ ಜಗತ್ತಿನ 10 ಅತಿ ಕಲುಷಿತ ತಾಣಗಳ ಪಟ್ಟಿಯಲ್ಲಿ ಭಾರತದಿಂದ ಸೇರಿದ್ದ ಏಕೈಕ ಹೆಸರು ರಾಣಿಪೇಟೆಯದು.

ಮದ್ರಾಸಿನ ಐಐಟಿಯ ಸಂಶೋಧಕರು ಇದೇ ಕಲುಷಿತ ಮಣ್ಣಿನಿಂದ ಆರರ ಕ್ರೋಮಿಯಂ ಅನ್ನು ಸಹಿಸಿ ಬದಲಿಸಬಲ್ಲ ಬ್ಯಾಕ್ಟೀರಿಯಾಗಳನ್ನು ಬೇರ್ಪಡಿಸಿದರು. ಅವುಗಳಿಗೆ ಆಹಾರವಾಗಿ ಸಕ್ಕರೆ ಕಾರ್ಖಾನೆಯ ಕಾಕಂಬಿಯನ್ನು ಉಣಿಸುವ ಪ್ರಯೋಗಗಳೂ ನಡೆದವು. ಪ್ರಯೋಗಾಲಯದಲ್ಲಿ ಫಲಿತಾಂಶ ಚೆನ್ನಾಗಿತ್ತು. ತೇವಾಂಶ, ಆಹಾರ ಹಾಗೂ ಬ್ಯಾಕ್ಟೀರಿಯಾ ಪ್ರಮಾಣ ಸರಿಯಾಗಿದ್ದರೆ ಕರಗುವ ಕ್ರೋಮಿಯಂ ಕರಗದ ರೂಪಕ್ಕೆ ತಿರುಗುತ್ತದೆ ಎಂಬುದು ಖಚಿತವಾಯಿತು. ವಿಷದ ನಡುವೆಯೇ ಬದುಕಲು ಕಲಿತ ಜೀವಿಗಳು ಅದೇ ಮಣ್ಣಿನಲ್ಲಿರುತ್ತವೆ. ಹೊರಗಿನಿಂದ ತರಬೇಕಾದದ್ದು ಬಹುಪಾಲು ಅವುಗಳ ಆಹಾರವನ್ನು ಮಾತ್ರ ಎಂಬುದು ಇಂತಹ ಅಧ್ಯಯನಗಳ ಮುಖ್ಯ ಪಾಠ.

ಆದರೆ ಪಾಲಾರ್ ದಂಡೆಯ ಹೊಲಗಳಿಗೆ ಇದನ್ನು ಹಾಗೆಯೇ ಅನ್ವಯಿಸಲಾಗದು. ಚರ್ಮ ಹದಮಾಡುವಾಗ ಬಳಸುವುದು ಬಹುಮಟ್ಟಿಗೆ ಮೂರರ ಕ್ರೋಮಿಯಂ. ಅದರ ಜೊತೆಗೆ ಹರಿದು ಬರುವುದು ಅಪಾರ ಪ್ರಮಾಣದ ಉಪ್ಪು. ಹೊಲಗಳು ಬಂಜರಾಗಲು ಸೋಡಿಯಂ ಮತ್ತು ಲವಣಾಂಶ ದೊಡ್ಡ ಕಾರಣ. ಲವಣವನ್ನು ಯಾವ ಬ್ಯಾಕ್ಟೀರಿಯಾವೂ ತೆಗೆಯಲಾರದು. ಅದಕ್ಕೆ ಜಿಪ್ಸಂ, ಒಳ್ಳೆಯ ನೀರು ಮತ್ತು ಬಸಿಗಾಲುವೆಯೇ ಬೇಕು. ಒಂದೇ ನದಿಯ ದಂಡೆಯಲ್ಲಿ ಕಾರ್ಖಾನೆಯ ಅಂಗಳದ ರೋಗ ಬೇರೆ, ಪಕ್ಕದ ಹೊಲದ ರೋಗ ಬೇರೆ. ಮಣ್ಣಿನ ಪರೀಕ್ಷೆಯಿಲ್ಲದೆ ಮದ್ದು ಹೇಳುವಂತಿಲ್ಲ.

ಹಿಂಕ್ಲಿಯ ಹೊಲಗಳು ಕಲಿಸಿದ್ದು

ಹೊಲವನ್ನೇ ಶುದ್ಧೀಕರಣ ಘಟಕವಾಗಿ ಬಳಸಿದ ಉದಾಹರಣೆ ಅಮೆರಿಕದಲ್ಲಿದೆ. 2000ದಲ್ಲಿ ತೆರೆಕಂಡ 'ಎರಿನ್ ಬ್ರೊಕೊವಿಚ್' ಚಲನಚಿತ್ರದ ಮೂಲಕ ಲೋಕಕ್ಕೆ ಪರಿಚಿತವಾದ ಕ್ಯಾಲಿಫೋರ್ನಿಯಾದ ಹಿಂಕ್ಲಿ ಗ್ರಾಮವದು. ಅಲ್ಲಿನ ಅನಿಲ ಸಾಗಣೆ ಕೇಂದ್ರದಲ್ಲಿ ಪೆಸಿಫಿಕ್ ಗ್ಯಾಸ್ ಅಂಡ್ ಎಲೆಕ್ಟ್ರಿಕ್ ಕಂಪನಿಯು 1952ರಿಂದ 1960ರ ದಶಕದ ಮಧ್ಯದವರೆಗೆ ಶೀತಕ ಗೋಪುರಗಳು ತುಕ್ಕು ಹಿಡಿಯದಿರಲು ಆರರ ಕ್ರೋಮಿಯಂ ಬಳಸಿ, ಆ ನೀರನ್ನು ತಳಹಾಸಿಲ್ಲದ ಹೊಂಡಗಳಿಗೆ ಬಿಟ್ಟಿತ್ತು. ಅದು ಅಂತರ್ಜಲ ಸೇರಿತು. 1996ರಲ್ಲಿ ಕಂಪನಿ ಸಂತ್ರಸ್ತರಿಗೆ 33.3 ಕೋಟಿ ಡಾಲರ್ ಪರಿಹಾರ ನೀಡಲು ಒಪ್ಪಿತು.

ನಂತರದ ಶುದ್ಧೀಕರಣದಲ್ಲಿ ಎರಡು ಜೈವಿಕ ವಿಧಾನಗಳನ್ನು ಅನುಸರಿಸಲಾಯಿತು. ಒಂದು, ಭೂಮಿಯೊಳಕ್ಕೆ ಎಥೆನಾಲ್ ಹಾಯಿಸಿ ಅಲ್ಲಿನ ಬ್ಯಾಕ್ಟೀರಿಯಾಗಳನ್ನು ಬೆಳೆಸಿ, ಕ್ರೋಮಿಯಂ ಅನ್ನು ನೆಲದಡಿಯಲ್ಲೇ ಕೂರಿಸುವುದು. ಇನ್ನೊಂದು, ಕಲುಷಿತ ಅಂತರ್ಜಲವನ್ನು ಮೇಲೆತ್ತಿ, ಕುದುರೆ ಮಸಾಲೆ ಸೊಪ್ಪಿನಂತಹ ಮೇವಿನ ಬೆಳೆಗೆ ಹನಿ ನೀರಾವರಿಯ ಮೂಲಕ ಉಣಿಸುವುದು. ಬೇರಿನ ಸುತ್ತ ಕೊಳೆಯುವ ಸಾವಯವ ವಸ್ತು ಮತ್ತು ಅಲ್ಲಿನ ಸೂಕ್ಷ್ಮಜೀವಿಗಳು ಆರರ ಕ್ರೋಮಿಯಂ ಅನ್ನು ಮೂರಕ್ಕೆ ಇಳಿಸುತ್ತವೆ, ಅದು ಮಣ್ಣಿನಲ್ಲೇ ನಿಲ್ಲುತ್ತದೆ. ನೀರಿನಲ್ಲಿದ್ದ ಕ್ರೋಮಿಯಂ ಪ್ರಮಾಣ ಅತ್ಯಲ್ಪವಾಗಿದ್ದುದರಿಂದ ಮಣ್ಣಿನಲ್ಲಿ ಸೇರ್ಪಡೆಯಾಗುವ ಪಾಲೂ ಅಲ್ಪವೇ.

ಯಶಸ್ಸಿನ ಜೊತೆಗೇ ಅಡ್ಡಪರಿಣಾಮವೂ ಕಂಡಿತು. ಎಥೆನಾಲ್ ಹಾಯಿಸಿದಾಗ ಆಮ್ಲಜನಕ ಕಡಿಮೆಯಾಗಿ, ಕಲ್ಲುಮಣ್ಣಿನಲ್ಲಿ ಸುಮ್ಮನಿದ್ದ ಮ್ಯಾಂಗನೀಸ್, ಆರ್ಸೆನಿಕ್‌ಗಳು ನೀರಿಗೆ ಬಿಡುಗಡೆಯಾಗುತ್ತವೆ. ಆದ್ದರಿಂದ ಅವುಗಳ ಮೇಲೂ ನಿಗಾ ಇಡಬೇಕಾಯಿತು. ಜೊತೆಗೆ ಮೂರರ ಕ್ರೋಮಿಯಂ ಶಾಶ್ವತವಾಗಿ ಹಾಗೆಯೇ ಇರುವುದೆಂಬ ಖಾತ್ರಿಯಿಲ್ಲ. ಮಣ್ಣಿನಲ್ಲಿನ ಮ್ಯಾಂಗನೀಸ್ ಆಕ್ಸೈಡುಗಳು ಅದನ್ನು ಮತ್ತೆ ಆರರ ರೂಪಕ್ಕೆ ಏರಿಸಬಲ್ಲವೆಂದು ಅಮೆರಿಕದ ವಿಜ್ಞಾನಿಗಳಾದ ಬಾರ್ಟ್‌ಲೆಟ್ ಮತ್ತು ಜೇಮ್ಸ್ 1979ರಲ್ಲೇ ತೋರಿಸಿದ್ದರು. ಸಾವಯವ ಅಂಶ ಸಾಕಷ್ಟಿರುವವರೆಗೆ ಆ ಪ್ರಕ್ರಿಯೆ ಹಿನ್ನಡೆಯಲ್ಲಿರುತ್ತದೆ. ಆದ್ದರಿಂದ ಇಂತಹ ಭೂಮಿಗೆ ಗೊಬ್ಬರ ಹಾಕುವುದನ್ನು ನಿಲ್ಲಿಸುವಂತಿಲ್ಲ, ಪರೀಕ್ಷೆಯನ್ನೂ ನಿಲ್ಲಿಸುವಂತಿಲ್ಲ.

ಭತ್ತದ ಗದ್ದೆಯ ಇಕ್ಕಟ್ಟು

ಕ್ಯಾಡ್ಮಿಯಂಗೆ ಕ್ರೋಮಿಯಂನಂತೆ ಎರಡು ರೂಪಗಳಿಲ್ಲ. ಮಣ್ಣಿನಲ್ಲಿ ಅದು ಒಂದೇ ಸ್ಥಿತಿಯಲ್ಲಿರುತ್ತದೆ. ಹಾಗಾಗಿ ಅದನ್ನು ಕಾರ್ಬೊನೇಟ್ ಅಥವಾ ಸಲ್ಫೈಡ್ ಆಗಿ ಹಿಡಿದಿಡುವುದೊಂದೇ ಮಾರ್ಗ. ನೀರು ನಿಂತ ಭತ್ತದ ಗದ್ದೆಯಲ್ಲಿ ಈ ಕೆಲಸ ತಾನಾಗಿಯೇ ನಡೆಯುತ್ತದೆ. ಆಮ್ಲಜನಕವಿಲ್ಲದ ಕೆಸರಿನಲ್ಲಿ ಬ್ಯಾಕ್ಟೀರಿಯಾಗಳು ಸಲ್ಫೈಡ್ ಉತ್ಪಾದಿಸಿ ಕ್ಯಾಡ್ಮಿಯಂ ಅನ್ನು ಬಂಧಿಸುತ್ತವೆ. ತೆನೆ ಕಟ್ಟುವ ಹೊತ್ತಿಗೆ ನೀರನ್ನು ಬಸಿದರೆ ಗಾಳಿಯಾಡಿ ಅದು ಮತ್ತೆ ಕರಗಿ ಕಾಳಿಗೇರುತ್ತದೆ.

ಹಾಗಾದರೆ ನೀರು ನಿಲ್ಲಿಸಿದರಾಯಿತಲ್ಲ ಎನ್ನುವಂತಿಲ್ಲ. ಆರ್ಸೆನಿಕ್ ವರ್ತಿಸುವುದು ಇದಕ್ಕೆ ತದ್ವಿರುದ್ಧವಾಗಿ. ನೀರು ನಿಂತ ಕೆಸರಿನಲ್ಲಿ ಕಬ್ಬಿಣವನ್ನು ಅಪಕರ್ಷಿಸುವ ಬ್ಯಾಕ್ಟೀರಿಯಾಗಳು, ಕಬ್ಬಿಣದ ಆಕ್ಸೈಡಿಗೆ ಅಂಟಿಕೊಂಡಿದ್ದ ಆರ್ಸೆನಿಕ್ಕನ್ನು ಬಿಡುಗಡೆ ಮಾಡುತ್ತವೆ. ಪಶ್ಚಿಮ ಬಂಗಾಳದ ಕೆಸರಿನ ಮೇಲೆ ನಡೆದು 2004ರಲ್ಲಿ 'ನೇಚರ್' ಪತ್ರಿಕೆಯಲ್ಲಿ ಪ್ರಕಟವಾದ ಅಧ್ಯಯನ, ಬಂಗಾಳದ ಕೊಳವೆಬಾವಿಗಳಿಗೆ ಆರ್ಸೆನಿಕ್ ಸೇರುವುದರ ಹಿಂದೆ ಇಂತಹ ಬ್ಯಾಕ್ಟೀರಿಯಾಗಳ ಪಾತ್ರವಿದೆ ಎಂದು ತೋರಿಸಿತು. ಒಂದು ಲೋಹಕ್ಕೆ ಮದ್ದಾಗುವ ಸ್ಥಿತಿ ಇನ್ನೊಂದಕ್ಕೆ ವಿಷವಾಗುತ್ತದೆ. ಎರಡೂ ಇರುವ ಗದ್ದೆಯಲ್ಲಿ ನೀರಿನ ನಿರ್ವಹಣೆ ಕತ್ತಿಯಂಚಿನ ನಡಿಗೆ.

ಪಾದರಸದ ವಿಷಯ ಇನ್ನೂ ಸೂಕ್ಷ್ಮ. ಕೆಲವು ಬ್ಯಾಕ್ಟೀರಿಯಾಗಳು ಅದನ್ನು ಆವಿಯಾಗಿಸಿದರೆ, ಜೌಗಿನಲ್ಲಿನ ಬೇರೆ ಕೆಲವು ಅದನ್ನೇ ಮೀಥೈಲ್ ಪಾದರಸವಾಗಿಸುತ್ತವೆ. ಇದು ಮೂಲ ಪಾದರಸಕ್ಕಿಂತ ಹೆಚ್ಚು ವಿಷಕಾರಿ. ಮೀನು, ಭತ್ತಗಳ ಮೂಲಕ ಮನುಷ್ಯನನ್ನು ಸೇರುತ್ತದೆ. ಪಾದರಸವಿರುವ ತೇವದ ನೆಲಕ್ಕೆ ಕಣ್ಣುಮುಚ್ಚಿ ಸಾವಯವ ಆಹಾರ ಸುರಿಯುವುದು ಅಪಾಯಕರ ಎನ್ನಲು ಇದೇ ಕಾರಣ.

ಹೊರತೆಗೆಯಲು ಸಾಧ್ಯವಿಲ್ಲವೇ?

ಬಂಧಿಸಿಡುವ ಬದಲು ಲೋಹವನ್ನು ಹೊರತೆಗೆಯುವ ಸೂಕ್ಷ್ಮಜೀವಿಗಳೂ ಇವೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಪ್ರೊ. ಕೆ.ಎ. ನಟರಾಜನ್ ಅವರು ದಶಕಗಳ ಕಾಲ ನಡೆಸಿದ ಸಂಶೋಧನೆ ಈ ಕ್ಷೇತ್ರದ್ದು. ಅಸಿಡಿಥಯೋಬ್ಯಾಸಿಲಸ್ ಜಾತಿಯ ಬ್ಯಾಕ್ಟೀರಿಯಾಗಳು ಗಂಧಕ ಮತ್ತು ಕಬ್ಬಿಣದ ಸಂಯುಕ್ತಗಳನ್ನು ಉತ್ಕರ್ಷಿಸಿ ಆಮ್ಲ ಉತ್ಪಾದಿಸುತ್ತವೆ. ಅದಿರಿನ ಲೋಹ ಕರಗಿ ಬರುತ್ತದೆ. ರಾಯಚೂರು ಜಿಲ್ಲೆಯ ಹಟ್ಟಿ ಚಿನ್ನದ ಗಣಿಯ ಅದಿರಿನ ಮೇಲೂ ಈ ತಂತ್ರದ ಪ್ರಯೋಗ ನಡೆದಿದೆ. ಆದರೆ ಗಣಿಗೆ ಒಪ್ಪುವುದು ಹೊಲಕ್ಕೆ ಒಪ್ಪದು. ಇಷ್ಟು ಪ್ರಬಲ ಆಮ್ಲೀಯತೆಯಲ್ಲಿ ಮಣ್ಣಿನ ಎರೆಹುಳು, ಪೋಷಕಾಂಶ ಎಲ್ಲವೂ ನಾಶವಾಗುತ್ತವೆ. ಮಣ್ಣನ್ನು ಅಗೆದು ತೊಟ್ಟಿಯಲ್ಲಿ ಸಂಸ್ಕರಿಸುವುದಾದರೆ ಮಾತ್ರ ಇದು ಯೋಗ್ಯ.

ಹೊಲದಿಂದ ಲೋಹವನ್ನು ನಿಜವಾಗಿ ಹೊರಗೊಯ್ಯುವುದು ಸಸ್ಯ. ಆರ್ಸೆನಿಕ್ಕನ್ನು ಎಲೆಗಳಲ್ಲಿ ಸಂಗ್ರಹಿಸುವ ಟೆರಿಸ್ ವಿಟ್ಟಾಟ ಎಂಬ ಜರಿಗಿಡದ ಗುಣವನ್ನು ಫ್ಲೋರಿಡಾದ ಸಂಶೋಧಕರು 2001ರಲ್ಲಿ ಪ್ರಕಟಿಸಿದರು. ಬೇರಿನ ಸುತ್ತಲಿನ ಬ್ಯಾಕ್ಟೀರಿಯಾಗಳು ಲೋಹವನ್ನು ಸಡಿಲಗೊಳಿಸಿ, ಬೇರಿನ ಬೆಳವಣಿಗೆಯನ್ನು ಹೆಚ್ಚಿಸಿ ಇಂತಹ ಸಸ್ಯಗಳಿಗೆ ನೆರವಾಗುತ್ತವೆ. ಇದಕ್ಕೆ ಹಿಡಿಯುವ ಕಾಲವನ್ನು ಒಂದು ಸರಳ ಲೆಕ್ಕದಿಂದ ಊಹಿಸಬಹುದು. ಒಂದು ಎಕರೆಯ ಮೇಲಿನ 20 ಸೆಂಟಿಮೀಟರ್ ಮಣ್ಣು ಸುಮಾರು ಹತ್ತೂವರೆ ಲಕ್ಷ ಕಿಲೋ ತೂಗುತ್ತದೆ. ಅದರಲ್ಲಿ ಕಿಲೋಗೆ 2 ಮಿಲಿಗ್ರಾಂ ಕ್ಯಾಡ್ಮಿಯಂ ಇದ್ದರೆ ಒಟ್ಟು ಸುಮಾರು 2 ಕಿಲೋ ಆಯಿತು. ಕಿಲೋ ಒಣತೂಕದಲ್ಲಿ 10 ಮಿಲಿಗ್ರಾಂ ಹೀರುವ ಬೆಳೆಯೊಂದು ಎಕರೆಗೆ 4 ಟನ್ ಒಣಸೊಪ್ಪು ಕೊಟ್ಟರೆ, ಹೊರಹೋಗುವುದು 40 ಗ್ರಾಂ. ಅರ್ಧದಷ್ಟು ತೆಗೆಯಲು 25 ಬೆಳೆಗಳು ಬೇಕು. ಕಟಾವಾದ ಸೊಪ್ಪನ್ನು ದನಕ್ಕೂ ಹಾಕುವಂತಿಲ್ಲ, ಗೊಬ್ಬರಕ್ಕೂ ಬಳಸುವಂತಿಲ್ಲ.

ಪ್ರಯೋಗಾಲಯದಿಂದ ಹೊಲಕ್ಕೆ

ಸೂಕ್ಷ್ಮಜೀವಿಗಳ ಬಗ್ಗೆ ಪ್ರಕಟವಾಗಿರುವ ಪ್ರಬಂಧಗಳಿಗೆ ಹೋಲಿಸಿದರೆ ರೈತರ ಹೊಲದಲ್ಲಿ ವರ್ಷಗಟ್ಟಲೆ ನಡೆದ ಪರೀಕ್ಷೆಗಳು ತೀರಾ ಕಡಿಮೆ. ಗಾಜಿನ ಪಾತ್ರೆಯಲ್ಲಿ ಒಂದೇ ಬ್ಯಾಕ್ಟೀರಿಯಾ, ಒಂದೇ ಲೋಹ, ಹದವಾದ ಉಷ್ಣತೆ ಇರುತ್ತದೆ. ಹೊಲದಲ್ಲಿ ಐದಾರು ಲೋಹಗಳು, ಲವಣ, ಕೀಟನಾಶಕ, ಬಿಸಿಲು ಮತ್ತು ಬರ ಒಟ್ಟಿಗಿರುತ್ತವೆ. ಹೊರಗಿನಿಂದ ತಂದ ಬ್ಯಾಕ್ಟೀರಿಯಾಗಳು ಸ್ಥಳೀಯ ಜೀವಿಗಳೊಡನೆ ಪೈಪೋಟಿ ನಡೆಸಲಾಗದೆ ಅಥವಾ ಅವುಗಳಿಗೆ ಆಹಾರವಾಗಿ ಬೇಗ ನಶಿಸುತ್ತವೆ.

ಆಹಾರ ಬದಲಾದಂತೆ ಫಲವೂ ಬದಲಾಗುತ್ತದೆ. ಅಮೆರಿಕದ ಕೊಲರಾಡೊದ ರೈಫಲ್ ಎಂಬಲ್ಲಿ 2002ರಲ್ಲಿ ನಡೆದ ಕ್ಷೇತ್ರ ಪ್ರಯೋಗದಲ್ಲಿ ಅಂತರ್ಜಲಕ್ಕೆ ಅಸಿಟೇಟ್ ಉಣಿಸಿದಾಗ ಜಿಯೋಬ್ಯಾಕ್ಟರ್ ಬ್ಯಾಕ್ಟೀರಿಯಾಗಳು ಹೆಚ್ಚಿ, ಕರಗಿದ್ದ ಯುರೇನಿಯಂ ಇಳಿಯಿತು. ಕೆಲವು ವಾರಗಳ ನಂತರ ಬೇರೆ ಜಾತಿಯ ಬ್ಯಾಕ್ಟೀರಿಯಾಗಳು ಮೇಲುಗೈ ಸಾಧಿಸುತ್ತಿದ್ದಂತೆ ಯುರೇನಿಯಂ ಮತ್ತೆ ಏರತೊಡಗಿತು. ಪರಿಣತರು ಪ್ರತಿದಿನ ಅಳೆಯುತ್ತಿದ್ದ ಕಡೆಯೇ ಹೀಗಾದರೆ, ಪೊಟ್ಟಣ ಎರಚಿ ಮನೆಗೆ ಹೋಗುವ ಪದ್ಧತಿಯಿಂದ ಏನನ್ನು ನಿರೀಕ್ಷಿಸಬಹುದು?

ಬೇರಿನೊಡನೆ ಸಹಜೀವನ ನಡೆಸುವ ಮೈಕೋರೈಜಾ ಶಿಲೀಂಧ್ರಗಳ ಬಗ್ಗೆ ಸ್ವಲ್ಪ ಹೆಚ್ಚಿನ ಭರವಸೆಯಿದೆ. ಅವು ಕೆಲವು ಲೋಹಗಳನ್ನು ತಮ್ಮ ಎಳೆಗಳಲ್ಲೇ ತಡೆಹಿಡಿಯಬಲ್ಲವು. ಬೆಂಗಳೂರಿನ ಕೃಷಿ ವಿಶ್ವವಿದ್ಯಾಲಯದಲ್ಲಿ ಡಾ. ಡಿ.ಜೆ. ಬಾಗ್ಯರಾಜ್ ಅವರ ದೀರ್ಘಕಾಲದ ಸಂಶೋಧನೆ ಈ ಶಿಲೀಂಧ್ರಗಳನ್ನು ರೈತರಿಗೆ ಪರಿಚಯಿಸಿತು. ಆದರೆ ಅದರ ಮುಖ್ಯ ಉದ್ದೇಶ ರಂಜಕದ ಪೂರೈಕೆ ಮತ್ತು ಬೆಳೆಯ ಪೋಷಣೆಯಾಗಿತ್ತು. ಜೈವಿಕ ಗೊಬ್ಬರಗಳಿಗೆ ರಸಗೊಬ್ಬರ ನಿಯಂತ್ರಣ ಆದೇಶದಡಿ ಮಾನದಂಡಗಳಿವೆ. ಅವು ಹೇಳುವುದು ಪೊಟ್ಟಣದಲ್ಲಿ ಎಷ್ಟು ಜೀವಂತ ಕೋಶಗಳಿರಬೇಕು ಎಂಬುದರ ಬಗ್ಗೆ. ಮಣ್ಣಿನ ಸೀಸ, ಕ್ಯಾಡ್ಮಿಯಂ ತೆಗೆಯುವ ಸಾಮರ್ಥ್ಯಕ್ಕೆ ಅವು ಪ್ರಮಾಣಪತ್ರವಲ್ಲ.

ವೆಚ್ಚ ಯಾರದು?

ಇಷ್ಟೆಲ್ಲ ಮಿತಿಗಳಿದ್ದರೂ ಈ ವಿಧಾನದತ್ತ ಗಮನ ಹರಿದಿರುವುದಕ್ಕೆ ಕಾರಣ, ಪರ್ಯಾಯದ ದುಬಾರಿ ವೆಚ್ಚ. ಜಪಾನಿನ ಜಿಂಜು ನದಿ ಕಣಿವೆಯಲ್ಲಿ ಗಣಿಯ ಕ್ಯಾಡ್ಮಿಯಂ ಗದ್ದೆಗಳನ್ನು ಸೇರಿ, ಮೂಳೆ ಮುರಿಯುವಷ್ಟು ನೋವಿನ 'ಇಟಾಯಿ ಇಟಾಯಿ' ಕಾಯಿಲೆ ಹರಡಿತ್ತು. ಮಾಲಿನ್ಯವೇ ಅದಕ್ಕೆ ಕಾರಣವೆಂದು ಅಲ್ಲಿನ ಸರ್ಕಾರ 1968ರಲ್ಲಿ ಒಪ್ಪಿತು. ಕೊನೆಗೆ ಸುಮಾರು 860 ಹೆಕ್ಟೇರ್ ಗದ್ದೆಗಳ ಮಣ್ಣನ್ನೇ ಬದಲಿಸಿ ಸರಿಪಡಿಸಲಾಯಿತು. ಕೆಲಸ ಮುಗಿದದ್ದು 2012ರಲ್ಲಿ. ಹಿಡಿದದ್ದು ಮೂರು ದಶಕಗಳಿಗೂ ಹೆಚ್ಚು ಕಾಲ. ವೆಲ್ಲೂರು ತೀರ್ಪು ಹೆಸರಿಸಿದ 35 ಸಾವಿರ ಹೆಕ್ಟೇರ್ ಇದರ 40 ಪಟ್ಟು.

ಮಾಲಿನ್ಯ ಮಾಡಿದವರೇ ಪರಿಹಾರ ಭರಿಸಬೇಕೆಂಬ ತತ್ತ್ವವನ್ನು ನಮ್ಮ ಕಾನೂನಿನಲ್ಲಿ ನೆಲೆಗೊಳಿಸಿದ ತೀರ್ಪುಗಳಲ್ಲಿ ವೆಲ್ಲೂರು ತೀರ್ಪು ಪ್ರಮುಖವಾದುದು. ಆದರೂ ಪಾಲಾರ್ ದಂಡೆಯ ಸಂತ್ರಸ್ತರ ವ್ಯಾಜ್ಯ ಮುಗಿಯಲಿಲ್ಲ. 2025ರ ಜನವರಿ 30ರಂದು ಸುಪ್ರೀಂ ಕೋರ್ಟ್ ಮತ್ತೊಮ್ಮೆ ಪರಿಹಾರ ಪಾವತಿಗೆ ಮತ್ತು ಮೇಲ್ವಿಚಾರಣಾ ಸಮಿತಿಯ ರಚನೆಗೆ ಆದೇಶಿಸಬೇಕಾಯಿತು. ಅದೇ ವರ್ಷದ ಜುಲೈನಲ್ಲಿ ಕೇಂದ್ರ ಸರ್ಕಾರ ಕಲುಷಿತ ತಾಣಗಳ ನಿರ್ವಹಣೆಗೆಂದೇ ಪ್ರತ್ಯೇಕ ನಿಯಮಾವಳಿಯನ್ನು ಅಧಿಸೂಚಿಸಿತು. ತಾಣಗಳನ್ನು ಗುರುತಿಸುವುದು, ಪರೀಕ್ಷಿಸುವುದು, ಶುದ್ಧೀಕರಿಸುವುದು ಮತ್ತು ವೆಚ್ಚವನ್ನು ಹೊಣೆಗಾರರಿಂದ ವಸೂಲು ಮಾಡುವುದು ಹೇಗೆಂದು ಅದು ನಿಗದಿಪಡಿಸುತ್ತದೆ.

ಗುರುತಿಸುವ ಹಂತದಲ್ಲೇ ಒಂದು ದೊಡ್ಡ ಕೊರತೆಯಿದೆ. 2015ರಲ್ಲಿ ಆರಂಭವಾದ ಮಣ್ಣು ಆರೋಗ್ಯ ಚೀಟಿ ಯೋಜನೆಯಲ್ಲಿ ಸಾರಜನಕ, ರಂಜಕ, ಪೊಟ್ಯಾಷ್, ಸತು, ಬೋರಾನ್ ಸೇರಿದಂತೆ 12 ಅಂಶಗಳ ಪರೀಕ್ಷೆ ನಡೆಯುತ್ತದೆ. ಸೀಸ, ಕ್ಯಾಡ್ಮಿಯಂ, ಕ್ರೋಮಿಯಂ, ಆರ್ಸೆನಿಕ್ ಆ ಪಟ್ಟಿಯಲ್ಲಿಲ್ಲ. ಬೆಳೆಗೆ ಏನು ಕಡಿಮೆಯಿದೆ ಎಂಬುದನ್ನು ಆ ಚೀಟಿ ರೈತನಿಗೆ ತಿಳಿಸುತ್ತದೆ. ತಿನ್ನುವವರಿಗೆ ಏನು ಹೆಚ್ಚಾಗಿದೆ ಎಂಬುದನ್ನು ತಿಳಿಸುವುದಿಲ್ಲ.

ಯಾವ ಲೋಹಕ್ಕೆ ಯಾವ ಉಪಾಯ?

* ಕ್ರೋಮಿಯಂ: ಆರರ ರೂಪದಲ್ಲಿದ್ದರೆ ಸೂಕ್ಷ್ಮಜೀವಿಗಳ ವಿಧಾನ ಪರಿಣಾಮಕಾರಿ. ಸ್ಥಳೀಯ ಬ್ಯಾಕ್ಟೀರಿಯಾಗಳಿಗೆ ಕಾಕಂಬಿ, ಕೊಟ್ಟಿಗೆ ಗೊಬ್ಬರದಂತಹ ಆಹಾರ ಬೇಕು.
* ಕ್ಯಾಡ್ಮಿಯಂ: ಬಂಧಿಸಿಡಲು ಮಾತ್ರ ಸಾಧ್ಯ. ಮಣ್ಣು ಹುಳಿಯಾಗದಂತೆ ಸುಣ್ಣ, ಸಾವಯವ ಗೊಬ್ಬರ ನೀಡಬೇಕು. ಸೊಪ್ಪಿನ ಬೆಳೆಗಳು ಇದನ್ನು ಹೆಚ್ಚು ಹೀರುತ್ತವೆ.
* ಸೀಸ: ರಂಜಕ ಕರಗಿಸುವ ಬ್ಯಾಕ್ಟೀರಿಯಾ ಮತ್ತು ಫಾಸ್ಫೇಟ್ ನೆರವಾಗಬಲ್ಲವು. ಲೋಹ ಮಾತ್ರ ಮಣ್ಣಿನಲ್ಲೇ ಉಳಿಯುತ್ತದೆ.
* ಆರ್ಸೆನಿಕ್: ನೀರು ನಿಂತ ನೆಲದಲ್ಲಿ ಸೂಕ್ಷ್ಮಜೀವಿಗಳೇ ಇದನ್ನು ಬಿಡುಗಡೆ ಮಾಡುತ್ತವೆ. ಗದ್ದೆಯನ್ನು ಆಗಾಗ ಒಣಗಿಸುವುದು ಪ್ರಯೋಜನಕಾರಿ, ಆದರೆ ಕ್ಯಾಡ್ಮಿಯಂ ಇಲ್ಲವೆಂದು ಖಚಿತಪಡಿಸಿಕೊಳ್ಳಬೇಕು.
* ಪಾದರಸ: ಪರಿಣತರ ಮೇಲ್ವಿಚಾರಣೆಯಿಲ್ಲದೆ ಯಾವ ಜೈವಿಕ ವಿಧಾನವನ್ನೂ ಪ್ರಯೋಗಿಸಬಾರದು.

ಎಲ್ಲ ಲೋಹಗಳಿಗೂ ಅನ್ವಯಿಸುವ ಮಾತೊಂದಿದೆ. ಒಳಹರಿವು ನಿಲ್ಲದೆ ಶುದ್ಧೀಕರಣ ಆರಂಭವಾಗದು. ಪ್ರತಿ ನೀರಾವರಿಯಲ್ಲೂ ಹೊಸ ಲೋಹ ಬಂದು ಸೇರುತ್ತಿದ್ದರೆ ಬ್ಯಾಕ್ಟೀರಿಯಾ ಸಾಕುವುದು ತೂತು ಕೊಡಕ್ಕೆ ನೀರು ಹೊತ್ತಂತೆ. ನಗರದ ಕಸದಿಂದ ಮಾಡಿದ ಗೊಬ್ಬರ ಕೊಳ್ಳುವವರು ಅದರ ಲೋಹ ಪರೀಕ್ಷೆಯ ವರದಿ ಕೇಳಬಹುದು. ಇಂತಹ ಗೊಬ್ಬರದ ಕಿಲೋ ಒಂದರಲ್ಲಿ ಕ್ಯಾಡ್ಮಿಯಂ 5, ಕ್ರೋಮಿಯಂ 50, ಸೀಸ 100 ಮಿಲಿಗ್ರಾಂ ಮೀರಬಾರದೆಂಬ ಮಿತಿಯನ್ನು ರಸಗೊಬ್ಬರ ನಿಯಂತ್ರಣ ಆದೇಶವೇ ವಿಧಿಸಿದೆ. ಕೊಳಚೆ ನೀರಿನ ಹೊರತು ಬೇರೆ ಗತಿಯಿಲ್ಲದ ಕಡೆ ಸೊಪ್ಪು, ತರಕಾರಿಗಳ ಬದಲು ಹೂ, ಮರಮಟ್ಟುಗಳಂತಹ ತಿನ್ನದ ಬೆಳೆಗಳತ್ತ ಹೊರಳುವುದು ಸದ್ಯಕ್ಕೆ ಹೆಚ್ಚು ಸುರಕ್ಷಿತ. ಆ ಬದಲಾವಣೆಯ ನಷ್ಟವನ್ನು ರೈತನೊಬ್ಬನೇ ಹೊರಬೇಕೆನ್ನುವುದು ನ್ಯಾಯವಲ್ಲ. ಲೋಹವನ್ನು ಕಾಲುವೆಗೆ ಬಿಟ್ಟವನು ಅವನಲ್ಲ.

ಮಣ್ಣಿನ ಸೂಕ್ಷ್ಮಜೀವಿಗಳು ಲೋಹವನ್ನು ಕಾವಲಿನಲ್ಲಿಡಬಲ್ಲ ಪಹರೆಯವರು. ಅವುಗಳಿಗೆ ಆಹಾರ, ತೇವ, ಹದ ದೊರೆಯುತ್ತಿರುವವರೆಗೆ ಪಹರೆ ನಡೆಯುತ್ತದೆ. ಆ ಪಹರೆಯನ್ನು ನಂಬಿ ಬೆಳೆಯುವ ರೈತನಿಗೂ ಅದನ್ನು ಕೊಂಡು ತಿನ್ನುವ ಪೇಟೆಯವರಿಗೂ ತಮ್ಮ ಮಣ್ಣಿನಲ್ಲಿ ಏನಿದೆ ಎಂಬುದು ಗೊತ್ತಿರಬೇಕು. ಮಣ್ಣು ಆರೋಗ್ಯ ಚೀಟಿಯಲ್ಲಿ ಇನ್ನೂ ನಾಲ್ಕು ಸಾಲು ಸೇರಿಸುವುದು ಅದಕ್ಕೆ ಮೊದಲ ಹೆಜ್ಜೆಯಾಗಬಲ್ಲದು.